ವಾಚ್ ಬೆಲ್ಟ್ ಬದಲಿಸುವ ಮುಂಚೆ ಟೇಪ್ ಅಂಟಿಸಿ
ವಾಚಿನ ಬೆಲ್ಟ್ ಬಿಚ್ಚುವ ಮುಂಚೆ, ಅದು ಸೇರುವ ನಾಲ್ಕೂ ಕೊಂಬುಗಳ (ವಾಚಿನ ಮೈಯಿಂದ ಹೊರಚಾಚಿದ ತುದಿಗಳ) ಹಿಂಬದಿಗೆ ಮತ್ತು ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪೇಂಟ್ ಕೆಲಸಕ್ಕೆ ಬಳಸುತ್ತಾರಲ್ವಾ, ಅದೇ ಕಾಗದದ ಟೇಪ್. ಬೆಲ್ಟನ್ನು ಹಿಡಿದಿರುವ ಸ್ಪ್ರಿಂಗ್ ಪಿನ್ ಒತ್ತುವಾಗ ಟೂಲ್ ಜಾರಿದರೆ ಗೀರು ಟೇಪಿನ ಮೇಲೆ ಬೀಳುತ್ತದೆ, ಸ್ಟೀಲ್ ಉಳಿಯುತ್ತದೆ. ಸೆಲ್ಲೋಟೇಪ್ ಬೇಡ, ಅಂಟು ಉಳಿದುಬಿಡುತ್ತದೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ ಗಾಜನ್ನು ಕೆಳಮುಖ ಮಾಡಿ. ಪಿನ್ ಹಾರದಂತೆ ಇನ್ನೊಂದು ಕೈಯ ಹೆಬ್ಬೆರಳು ಅಡ್ಡ ಇರಲಿ. ಬೆವರಿಗೆ ಪಿನ್ ತುಕ್ಕು ಹಿಡಿದಿದ್ದರೆ ಮಾತ್ರ ಈ ಉಪಾಯ ಸಾಲದು. ಬಲ ಹಾಕಿದಷ್ಟೂ ಟೂಲ್ ಟೇಪನ್ನೂ ಹರಿದು ಒಳಗೆ ಹೋಗುತ್ತದೆ, ಅಂಥದ್ದನ್ನು ರಿಪೇರಿಯವರಿಗೇ ಕೊಡಿ. ಹಳೆಯ ಎಚ್‌ಎಂಟಿಯಂಥ ವಾಚಿನಲ್ಲಿ ಚಿನ್ನದ ಲೇಪ ಏಳುತ್ತಿದ್ದರೆ ಟೇಪನ್ನು ಜಾಸ್ತಿ ಹೊತ್ತು ಬಿಡಬೇಡಿ, ನಿಧಾನವಾಗಿ ಕೀಳಿ.