ಮಳೆಯಲ್ಲಿ ನೆನೆದ ಬೆಂಚು, ಕುರ್ಚಿಗಳನ್ನು ಬೇಸಿಗೆಗೆ ಸಿದ್ಧ ಮಾಡಿದ್ದು

ಮಲೆನಾಡಿನ ಸಾಗರ ಊರಿನ ಕಡೆಯ ಮಳೆಗಾಲ ಹೊರಗಿಟ್ಟ ಯಾವ ಸಾಮಾನನ್ನೂ ಸುಮ್ನೆ ಬಿಡುವುದಿಲ್ಲ. ನಮ್ಮ ಅಂಗಳದ ಅಂಚಿನಲ್ಲಿ ಒಂದು ಸಾಗುವಾನಿ ಬೆಂಚಿದೆ, ಕಬ್ಬಿಣದ ಉಯ್ಯಾಲೆ ಇದೆ, ಜಗಲಿಯಲ್ಲಿ ಬೆತ್ತದ ಕುರ್ಚಿಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆದು, ಆಮೇಲೆ ಚಳಿಗಾಲದ ಇಬ್ಬನಿಯನ್ನೂ ಕುಡಿದು, ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಬೆಂಚು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಅದರ ಕಾಲಿಗೆ ಪಾಚಿ ಹತ್ತಿರುತ್ತದೆ, ಬೆತ್ತದ ಹೆಣಿಗೆಯೊಳಗೆಲ್ಲ ಬೂಸ್ಟು. ಬೇಸಿಗೆ ರಜೆಗೆ ಮಕ್ಕಳು, ನೆಂಟರು ಬರುವ ಮೊದಲು ಎಲ್ಲವನ್ನೂ ನಾನೇ ಸರಿ ಮಾಡುತ್ತೇನೆ.

ಕೆಲಸ ಶುರು ಮಾಡುವುದು ಶಿವರಾತ್ರಿಯ ಆಸುಪಾಸಿನಲ್ಲಿ. ಜನವರಿಯಲ್ಲೂ ಬಿಸಿಲು ಚೆನ್ನಾಗಿಯೇ ಇರುತ್ತದೆ, ಆದರೆ ಬೆಳಗ್ಗೆ ಎದ್ದು ನೋಡಿದರೆ ಹಿಂದಿನ ದಿನ ಒಣಗಿದ್ದೆಲ್ಲ ಮತ್ತೆ ಒದ್ದೆ. ಈ ಕೆಲಸದಲ್ಲಿ ಬಣ್ಣ, ಎಣ್ಣೆಗಿಂತ ಒಣಗಿಸುವುದೇ ದೊಡ್ಡದು.

ಬೆಂಚಿನ ಬೂದಿ ಬಣ್ಣ ನೋಡಿ ಮರ ಹಾಳಾಯಿತು ಅಂದುಕೊಳ್ಳಬೇಡಿ. ಬಿಸಿಲು, ಮಳೆಗೆ ಮೇಲಿನ ತೆಳು ಪದರ ಮಾತ್ರ ಬಣ್ಣ ಕಳೆದುಕೊಂಡಿರುತ್ತದೆ, ಒಳಗಿನ ಸಾಗುವಾನಿ ಗಟ್ಟಿಯಾಗಿಯೇ ಇರುತ್ತದೆ. ಕಾಲಿನ ಬುಡವನ್ನು ಮಾತ್ರ ಚಾಕುವಿನ ಮೊನೆಯಿಂದ ಒತ್ತಿ ನೋಡಿ, ಮೆತ್ತಗೆ ಒಳಗೆ ಹೋದರೆ ಅಷ್ಟು ಭಾಗ ಬಡಗಿಯ ಕೈಗೆ ಹೋಗಬೇಕು. ಉಳಿದಿದ್ದಕ್ಕೆ ಸೋಪಿನ ನೀರು ಮತ್ತು ನಾರಿನ ಬ್ರಷ್ ಸಾಕು, ಮರದ ಎಳೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಜೋರಾಗಿ ನೀರು ಹಾರಿಸುವ ಪ್ರೆಶರ್ ಪಂಪು ಬೇಡವೇ ಬೇಡ, ಅದು ಮೆತ್ತಗಿನ ಎಳೆಗಳನ್ನು ಕಿತ್ತು ಗೀರು ಬೀಳಿಸುತ್ತದೆ.

ಮೊಳೆಯ ಸುತ್ತ ಕಪ್ಪು ಕಲೆ ಇರುತ್ತದಲ್ವಾ, ಅದು ಸೋಪಿಗೆ ಹೋಗುವುದಿಲ್ಲ. ಕಬ್ಬಿಣ ಮತ್ತು ಮರದ ಒಗರು ಸೇರಿ ಆಗುವ ಕಲೆ ಅದು. ಅದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿ ಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಕರಗಿಸಿ, ಬ್ರಷ್‌ನಲ್ಲಿ ಹಚ್ಚಿ, ಕಲೆ ತಿಳಿಯಾದ ಮೇಲೆ ಚೆನ್ನಾಗಿ ನೀರು ಹಾಕಿ ತೊಳೆದೆ. ಇದು ವಿಷ, ಕೈಗವಸು ಹಾಕಲೇಬೇಕು, ಮಕ್ಕಳು ಹತ್ತಿರ ಬರಬಾರದು. ಬ್ಲೀಚಿಂಗ್ ಪೌಡರ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ತೊಳೆದ ಬೆಂಚನ್ನು ಮಗುಚಿ, ಗಾಳಿಯಾಡುವ ನೆರಳಿನಲ್ಲಿ ಒಂದು ವಾರವಾದರೂ ಬಿಡಬೇಕು. ಮೇಲೆ ಮುಟ್ಟಿದರೆ ಒಣಗಿದಂತೆ ಕಂಡರೂ ಕಾಲು ಸೇರುವ ಸಂದಿಗಳಲ್ಲಿ ನೀರು ಕೂತಿರುತ್ತದೆ. ಪೂರ್ತಿ ಒಣಗಿದ ಮೇಲೆ 80ರ ಸ್ಯಾಂಡ್ ಪೇಪರ್, ಆಮೇಲೆ 120. ಇನ್ನೂ ನುಣ್ಣಗೆ ಮಾಡುವ ಆಸೆ ಬೇಡ, ಹೊರಗಿನ ಸಾಮಾನಿಗೆ ಇಷ್ಟು ಸಾಕು.

ವಾರ್ನಿಷ್ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ನಮ್ಮೂರ ಬಡಗಿ ಆಚಾರ್ರು ಮೊದಲೇ ಹೇಳಿದ್ದರು, "ಭಟ್ರೇ, ಮಳೆಗೆ ಸಿಗೋ ಮರಕ್ಕೆ ವಾರ್ನಿಷ್ ಹೊಡೀಬೇಡಿ, ಮರ ಉಸಿರಾಡ್ಲಿ" ಅಂತ. ಮರ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಮೇಲಿನ ವಾರ್ನಿಷ್ ಪದರ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ಒಳಗೆ ಹೋದ ನೀರು ಹೊರಗೆ ಬರಲಾರದೆ ಅಲ್ಲೇ ನಿಂತು ಮರ ಕಪ್ಪಾಗುತ್ತದೆ. ನಾನು ಹಚ್ಚುವುದು ಅಂಗಡಿಯಲ್ಲಿ "ಬಾಯ್ಲ್ಡ್ ಲಿನ್‌ಸೀಡ್ ಆಯಿಲ್" ಎಂದು ಸಿಗುವ ಅಗಸೆ ಎಣ್ಣೆ, ಅದಕ್ಕೆ ಸಮ ಪಾಲು ಟರ್ಪೆಂಟೈನ್. ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮರ ಕುಡಿಯದೆ ಉಳಿದ ಎಣ್ಣೆಯನ್ನು ಒರೆಸಬೇಕು, ಇಲ್ಲದಿದ್ದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಮಾರನೇ ದಿನ ಮುಟ್ಟಿ ನೋಡಿ, ಒಣಗಿದ್ದರೆ ಇನ್ನೊಂದು ಕೈ. ಕಾಲಿನ ಅಡಿಭಾಗ ಮಾತ್ರ ಎಷ್ಟು ಎಣ್ಣೆ ಕುಡಿಯುತ್ತದೋ ಅಷ್ಟೂ ಕೊಡಿ, ನೀರು ಒಳಗೆ ಏರುವುದೇ ಅಲ್ಲಿಂದ. ತೊಲೆ, ಪಕಾಸಿಗೆ ಹಚ್ಚುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಕೂರುವ ಜಾಗಕ್ಕೆ ತರಬೇಡಿ, ಚರ್ಮ ಸುಟ್ಟು ಬೊಬ್ಬೆ ಬರುತ್ತದೆ.

ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ನಾನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡುತ್ತೇನೆ.

ಬೆತ್ತದ ಕುರ್ಚಿಗೆ ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪವೇ ಸೋಪಿನ ನೀರು. ಸೀಟು ಜೋಲು ಬಿದ್ದಿದ್ದರೆ ಕುರ್ಚಿ ಮಗುಚಿ, ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೆಣಿಗೆಯ ಅಡಿಭಾಗದ ಮೇಲೆ ಹಾಸಿ ಅರ್ಧ ಗಂಟೆ ಬಿಡಿ. ಒಣಗುವಾಗ ಬೆತ್ತ ಬಿಗಿದುಕೊಳ್ಳುತ್ತದೆ. ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು, ಸುಡುಬಿಸಿಲಿಗೂ ಇಡಬಾರದು, ಎಳೆ ಸೀಳುತ್ತದೆ.

ಉಯ್ಯಾಲೆಯ ಕೆಲಸಕ್ಕೆ ಶಕ್ತಿ ಜಾಸ್ತಿ ಬೇಕು, ಯೋಚನೆ ಕಡಿಮೆ. ವೈರ್ ಬ್ರಷ್‌ನಿಂದ ತುಕ್ಕು ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಅವತ್ತೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹೊಡೆಯಬೇಕು. ಕೆರೆದ ಕಬ್ಬಿಣ ರಾತ್ರಿಯ ಇಬ್ಬನಿಗೆ ಸಿಕ್ಕರೆ ಮತ್ತೆ ಕೆಂಪಾಗುತ್ತದೆ. ಆಮೇಲೆ ಎನಾಮೆಲ್ ಎರಡು ಕೈ. ಸರಪಳಿಯ ಕೊಕ್ಕೆ ಸವೆದಿದ್ದರೆ ಬಣ್ಣ ಹೊಡೆದು ಮುಚ್ಚಬೇಡಿ, ಹೊಸದನ್ನೇ ಹಾಕಿ. ಮಕ್ಕಳು ಆಡುವುದು.

ಬೆಂಚಿನ ಕಾಲುಗಳ ಕೆಳಗೆ ಈಗ ಚಪ್ಪಟೆ ಕಲ್ಲು ಇಟ್ಟಿದ್ದೇನೆ, ಮಣ್ಣಿನ ತೇವವೂ ಗೆದ್ದಲೂ ದೂರ. ಈ ಸಲ ಮೇ ಕೊನೆಗೆ ಬೆಂಚನ್ನೂ ಜಗಲಿಗೆ ಎತ್ತುತ್ತೇವೆ. ಪ್ಲಾಸ್ಟಿಕ್ ತಾಡಪಾಲು ಸುತ್ತುವುದಿಲ್ಲ, ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಗೋಡೆಯಿಂದ ಒಂದು ಗೇಣು ಬಿಟ್ಟು ಇಡುತ್ತೇವೆ, ಹಿಂದೆ ಗಾಳಿ ಆಡುವ ಹಾಗೆ.