ಬಿ.ಎ. ಮುಗಿಸಿದವರು ಮೊದಲ ಕೆಲಸ ಹುಡುಕುವ ಬಗೆ

ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ ಓದಿದವರನ್ನು ಹುಡುಕಿಕೊಂಡು ಕಾಲೇಜಿಗೆ ಬರುವ ಕಂಪನಿಗಳು ಕಡಿಮೆ. ಕೆಲಸವನ್ನು ನೀವೇ ಹುಡುಕಿಕೊಂಡು ಹೋಗಬೇಕು. ಆಗ ‘ಬಿ.ಎ.ಗೆ ಯಾವ ಕೆಲಸ ಸಿಗುತ್ತದೆ’ ಎಂದು ಊರವರನ್ನೆಲ್ಲ ಕೇಳುವುದಕ್ಕಿಂತ ‘ಯಾವ ಕೆಲಸವನ್ನು ನಾನು ಮಾಡಿ ತೋರಿಸಬಲ್ಲೆ’ ಎಂದು ನಿಮ್ಮನ್ನೇ ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲು ಕಾಗದಪತ್ರ. ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ತೆಗೆದಿಟ್ಟುಕೊಳ್ಳಿ. ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕುವ ಯೋಚನೆಯಿದ್ದರೆ ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಅಭ್ಯರ್ಥಿ ಪ್ರಮಾಣಪತ್ರಗಳನ್ನು, ಕಲ್ಯಾಣ ಕರ್ನಾಟಕದವರಾದರೆ ಸ್ಥಳೀಯ ಮೀಸಲಾತಿಗೆ ಬೇಕಾದ 371 ಜೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಕೊಳ್ಳಿ. ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಮೇಲುಸಹಿ ಎಂದು ಅಲೆದಾಡುವ ಕೆಲಸವನ್ನು ಅರ್ಜಿಯ ಕೊನೆಯ ವಾರಕ್ಕೆ ಉಳಿಸಿಕೊಳ್ಳಬಾರದು.

ಸರ್ಕಾರಿ ಕಚೇರಿಗಳ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗೂ ಬ್ಯಾಂಕುಗಳ ಕ್ಲರ್ಕ್ ಮತ್ತು ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಗಳಿಗೂ ಯಾವುದೇ ವಿಷಯದ ಪದವಿ ಸಾಕು. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಅಧಿಸೂಚನೆ, ಪರೀಕ್ಷೆ, ಕೀ ಉತ್ತರ, ಆಕ್ಷೇಪಣೆ, ನ್ಯಾಯಾಲಯದ ತಡೆ ಇವೆಲ್ಲ ದಾಟಿ ನೇಮಕಾತಿ ಆದೇಶ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಉರುಳಬಹುದಾದ್ದರಿಂದ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಹಿಡಿದು ಬರೀ ತಯಾರಿ ನಡೆಸುವುದನ್ನು ನಾನು ಎಲ್ಲರಿಗೂ ಹೇಳಲಾರೆ. ಮನೆಯ ಸ್ಥಿತಿ ನೋಡಿ ಅದಕ್ಕೊಂದು ಗಡುವು ಹಾಕಿಕೊಳ್ಳಿ. ಓದುತ್ತಲೇ ಮಾಡಬಹುದಾದ ಕೆಲಸವೊಂದಿದ್ದರೆ ಇನ್ನೂ ಒಳ್ಳೆಯದು. ಪದವಿ ಮುಗಿದು 180 ದಿನ ಕಳೆದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ 2 ವರ್ಷ ನೆರವು ದೊರೆಯುತ್ತದೆ. ಮುಂದಿನ ಓದಿಗೆ ಸೇರಿದವರಿಗೆ ಇದು ಅನ್ವಯಿಸುವುದಿಲ್ಲ.

ಖಾಸಗಿ ವಲಯದಲ್ಲಿ ನಿಮ್ಮ ಬಲ ಇರುವುದು ಭಾಷೆಯಲ್ಲಿ ಮತ್ತು ಜನರೊಡನೆ ಮಾತಾಡಿ ವಿಷಯ ತಿಳಿದುಕೊಳ್ಳುವುದರಲ್ಲಿ. ಸುದ್ದಿ ಸಂಸ್ಥೆಗಳ ಡೆಸ್ಕ್, ಪ್ರಕಾಶನಗಳ ಕರಡು ತಿದ್ದುವಿಕೆ, ಅನುವಾದ, ಸಬ್‌ಟೈಟಲ್, ಕನ್ನಡ ಗ್ರಾಹಕ ಸೇವೆ, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರಕಾರ್ಯ ಇವೆಲ್ಲ ಅಲ್ಲಿಂದ ತೆರೆದುಕೊಳ್ಳುವ ದಾರಿಗಳು. ಇಲ್ಲಿ ಪ್ರಮಾಣಪತ್ರಕ್ಕಿಂತ ನೀವು ಮಾಡಿದ ಕೆಲಸದ ಮಾದರಿ ಮಾತಾಡುತ್ತದೆ. ಇಂಗ್ಲಿಷಿನ ಸರ್ಕಾರಿ ಪ್ರಕಟಣೆಯೊಂದನ್ನು ರೈತರಿಗೆ ತಿಳಿಯುವ ಕನ್ನಡಕ್ಕೆ ತನ್ನಿ. ನಿಮ್ಮ ತಾಲ್ಲೂಕಿನ ಕುಡಿಯುವ ನೀರಿನ ಬಗ್ಗೆ ನಾಲ್ವರನ್ನು ಮಾತಾಡಿಸಿ ಎರಡು ಪುಟದ ವರದಿ ಬರೆಯಿರಿ. ಎಲ್ಲ ಕಂಪ್ಯೂಟರುಗಳಲ್ಲೂ ಓದಲು ಬರುವ ಯೂನಿಕೋಡ್ ಅಕ್ಷರಗಳಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿಯದೆ ಈ ಕಡೆ ಬರಬೇಡಿ, ಏಕೆಂದರೆ ಹಳೆಯ ಫಾಂಟಿನಲ್ಲಿ ಕಳಿಸಿದ ಕಡತವು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ಸಾಲಾಗಿ ತೆರೆದುಕೊಂಡರೆ ನಿಮ್ಮ ಬರಹವನ್ನು ಯಾರೂ ಓದುವುದೇ ಇಲ್ಲ.

ರೆಸ್ಯೂಮೆ ಒಂದು ಪುಟ ಮೀರಬಾರದು. ತಂದೆಯ ಉದ್ಯೋಗ, ಜಾತಿ, ವೈವಾಹಿಕ ಸ್ಥಿತಿ ಅಲ್ಲಿ ಬೇಡ. ಬಯೋಡೇಟಾದ ಆ ನಮೂನೆ ಮದುವೆ ಮಾತುಕತೆಗೆ ಸರಿ. ‘ಉತ್ತಮ ಸಂವಹನ ಕೌಶಲವಿದೆ’ ಎಂಬ ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ‘ಎನ್‌ಎಸ್‌ಎಸ್ ಶಿಬಿರದಲ್ಲಿ 40 ಮನೆಗಳ ಶೌಚಾಲಯ ಸಮೀಕ್ಷೆ ನಡೆಸಿ, ಮಾಹಿತಿಯನ್ನು ಎಕ್ಸೆಲ್‌ಗೆ ಏರಿಸಿ, ಗ್ರಾಮ ಪಂಚಾಯಿತಿಗೆ ವರದಿ ಕೊಟ್ಟ ತಂಡದಲ್ಲಿದ್ದೆ’ ಎಂಬಂತೆ ನೀವು ನಿಜವಾಗಿ ಮಾಡಿದ್ದನ್ನು ಬರೆಯಿರಿ. ಸಂದರ್ಶಕರು ಪ್ರಶ್ನೆ ಕೇಳುವುದು ಇಂಥ ಸಾಲಿನ ಮೇಲೆಯೇ, ಮತ್ತು ಅದಕ್ಕೆ ಉತ್ತರ ನಿಮ್ಮಲ್ಲಿ ಇದ್ದೇ ಇರುತ್ತದೆ.

ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಮತ್ತು ರಾಜ್ಯದ ಸ್ಕಿಲ್ ಕನೆಕ್ಟ್ ತಾಣಗಳಲ್ಲಿ ಹೆಸರು ನೋಂದಾಯಿಸಿ. ಶಿಷ್ಯವೇತನದೊಂದಿಗೆ ಅನುಭವ ಕೊಡುವ ಅಪ್ರೆಂಟಿಸ್ ಅವಕಾಶಗಳು ಎಂಜಿನಿಯರಿಂಗ್ ಓದದವರಿಗೂ ಇವೆ ಎಂಬುದು ಹಲವರಿಗೆ ಗೊತ್ತಿಲ್ಲ. ಇಷ್ಟಾದರೂ ಸಣ್ಣ ಸಂಸ್ಥೆಗಳು ಜಾಹೀರಾತು ಕೊಡುವ ಮೊದಲು ಪರಿಚಯದವರನ್ನೇ ವಿಚಾರಿಸುವುದರಿಂದ, ನಿಮ್ಮ ವಿಭಾಗದ ಹಳೆಯ ವಿದ್ಯಾರ್ಥಿಗಳು ಎಲ್ಲಿದ್ದಾರೆಂದು ಅಧ್ಯಾಪಕರಿಂದ ತಿಳಿದುಕೊಂಡು ಅವರಿಗೆ ನೇರವಾಗಿ ಬರೆಯಿರಿ. ‘ಎಲ್ಲಾದರೂ ಕೆಲಸ ಕೊಡಿಸಿ ಸರ್’ ಎನ್ನಬೇಡಿ. ಅವರ ಕಚೇರಿಯಲ್ಲಿ ಹೊಸಬರಿಗೆ ಯಾವ ಕೆಲಸ ಕೊಡುತ್ತಾರೆ ಎಂದು ಕೇಳಿ, ನಿಮ್ಮ ಮಾದರಿ ಬರಹವನ್ನು ಜೊತೆಗಿಡಿ.

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಆನ್‌ಲೈನಿನಲ್ಲಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಫರ್ ಲೆಟರ್ ಬಂದ ಮೇಲೆ ಪಿಎಫ್ ಮುಂತಾದವು ಕಡಿತವಾಗಿ ಕೈಗೆ ಬರುವ ಸಂಬಳವೆಷ್ಟು, ಪ್ರೊಬೇಷನ್ (ಪರೀಕ್ಷಾವಧಿ) ಎಷ್ಟು ತಿಂಗಳು, ಬಿಡಬೇಕಾದರೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ಓದಿ ಸಹಿ ಮಾಡಿ. ಮೂಲ ಅಂಕಪಟ್ಟಿಗಳನ್ನು ತೋರಿಸಿ ವಾಪಸು ತನ್ನಿ. ಕಚೇರಿಗೆ ಬಿಟ್ಟು ಬರುವುದು ಜೆರಾಕ್ಸ್ ಪ್ರತಿ ಮಾತ್ರ.