ಹಾಯಿದೋಣಿಯ ಚುಕ್ಕಾಣಿ ಹಗುರಾಗಿದ್ದು ಹೀಗೆ

ಕೊಪ್ಪಳ ಜಿಲ್ಲೆಯ ಮುನಿರಾಬಾದ್ ಕಡೆ, ತುಂಗಭದ್ರಾ ಹಿನ್ನೀರಿನಲ್ಲಿ ಅಣ್ಣ ಮತ್ತು ನಾನು ಒಂದು ಚಿಕ್ಕ ಹಾಯಿದೋಣಿ ನಡೆಸುತ್ತೇವೆ. ಮುಂಗಾರಿನ ಪಡುವಣ ಗಾಳಿಗೆ ದೋಣಿ ತಾನಾಗಿಯೇ ಗಾಳಿಯತ್ತ ಮೂತಿ ತಿರುಗಿಸುತ್ತಿತ್ತು. ಚುಕ್ಕಾಣಿ ಹಿಡಿದು ಹಿಡಿದು ಕೈ ಸೋಲುತ್ತಿತ್ತು. ಗಾಳಿ ಕಡಿಮೆಯಿದ್ದಾಗ ಬೇರೆ ತೊಂದರೆ. ಹಿಂಭಾಗ ನೀರಿಗೆ ಇಳಿದು, ಬಳಬಳ ಸದ್ದು ಮಾಡುತ್ತಾ ತೆವಳುತ್ತಿತ್ತು.

ಮೊದಲು ಭಾರ ನೋಡಿದೆವು. ಲಂಗರು, ಹಗ್ಗ, ನೀರಿನ ಕ್ಯಾನು, ಬುತ್ತಿ ಎಲ್ಲಾ ಹಿಂದೆ. 20 ಲೀಟರ್ ನೀರು ಅಂದರೆ 20 ಕಿಲೋ ಅಲ್ವಾ? ಚಿಕ್ಕ ದೋಣಿಗೆ ಅದು ಜಾಸ್ತಿಯೇ. ಎಲ್ಲವನ್ನೂ ನಡುವಿಗೆ ತಂದು, ತಳದಲ್ಲಿ ಅಲುಗದಂತೆ ಕಟ್ಟಿದೆವು. ಮೆಲುಗಾಳಿಯಲ್ಲಿ ಇಬ್ಬರೂ ಮುಂದೆ ಸರಿದು ಕೂತೆವು. ಹಿಂಬದಿ ಹಲಗೆ ನೀರಿನಿಂದ ಮೇಲೆದ್ದಿತು, ಸದ್ದು ನಿಂತಿತು. ದೋಣಿಯ ಹಿಂದೆ ನೀರು ನಯವಾಗಿ ಬಿಟ್ಟುಕೊಂಡರೆ ಭಾರ ಸರಿಯಾಗಿ ಕೂತಿದೆ ಎಂದೇ ಲೆಕ್ಕ. ಗಾಳಿ ಜೋರಾದರೆ ಮಾತ್ರ ಸ್ವಲ್ಪ ಹಿಂದಕ್ಕೆ ಸರಿಯಬೇಕು, ಇಲ್ಲದಿದ್ದರೆ ಮೂತಿ ಅಲೆಯೊಳಗೆ ಹೊಕ್ಕುತ್ತದೆ.

ಚುಕ್ಕಾಣಿ ಭಾರವಾಗಲು ದೊಡ್ಡ ಕಾರಣ ವಾಲುವುದು. ದೋಣಿ ವಾಲಿದಷ್ಟೂ ಗಾಳಿಯತ್ತ ತಿರುಗುತ್ತದೆ. "ಅಣ್ಣಾ, ಇನ್ನೂ ಹೊರಗೆ ಬಾಗು" ಎಂದೆ. ಇಬ್ಬರೂ ಗಾಳಿ ಬರುವ ಕಡೆಯ ಅಂಚಿನಲ್ಲಿ ಕೂತು, ಮೈ ಹೊರಗೆ ಚಾಚಿದೆವು. ದೋಣಿ ಮಟ್ಟಕ್ಕೆ ಬಂತು, ಚುಕ್ಕಾಣಿಯ ಅರ್ಧ ಎಳೆತ ಅಲ್ಲೇ ಹೋಯಿತು. ಉಳಿದದ್ದಕ್ಕೆ ದಡದಲ್ಲಿ, ಹಾಯಿಕಂಬವನ್ನು ಮೂತಿಗೆ ಕಟ್ಟುವ ಬಿಗಿಹಗ್ಗ ಎಳೆದು, ಕಂಬದ ತುದಿಯನ್ನು ತುಸು ಮುಂದಕ್ಕೆ ತಂದೆವು.

ಎಳೆತ ಪೂರ್ತಿ ಹೋಗಬಾರದು. ಸ್ವಲ್ಪ ಇದ್ದರೆ, ಕೈ ಜಾರಿದರೂ ದೋಣಿ ಗಾಳಿಗೆ ಮುಖಮಾಡಿ ನಿಧಾನವಾಗುತ್ತದೆ.